ಕಾಕ ಒತ್ತೆಯಿಟ್ಟ ಪಾಸ್‌ಪೋರ್ಟ್

"ನಮ್ಮ ಮನೆಯಲ್ಲಿ ಡಿಗ್ರಿಯಾ? ಬಂಗುಡೆ ಮೀನು ಮರ ಹತ್ತಿದ ಮೇಲೆ ನೋಡುವ" ಎಂದವರು ನನ್ನ ದೊಡ್ಡಪ್ಪ. ಮೊನ್ನೆ ಪೆಟ್ಟಿಗೆಯಲ್ಲಿ ಹಳೆಯ ವಿಡಿಯೋ ಕ್ಯಾಸೆಟ್ಟೊಂದು ಸಿಕ್ಕಿತು. ಡಬ್ಬಿ ತೆರೆದಾಗ ಬಂದ ಪ್ಲಾಸ್ಟಿಕ್ಕಿನ ವಾಸನೆಗೆ ಆ ಮಾತೂ, ಆ ಕ್ಯಾಸೆಟ್ಟನ್ನು ನನಗೆ ಕೊಟ್ಟ, ಬಹರೈನಿನ ವಿಡಿಯೋ ಅಂಗಡಿ ನೋಡಿಕೊಳ್ಳುತ್ತಿದ್ದ ಮಂಗಳೂರು ಕಡೆಯ ಕಾಕನೂ ಒಟ್ಟಿಗೇ ನೆನಪಾದರು...

ಎಂಬತ್ತರ ದಶಕದ ಆರಂಭ. ಹಗಲು ಕಂಪನಿಯೊಂದರಲ್ಲಿ ಟೈಪಿಸ್ಟ್ ಕೆಲಸ. ಸಂಜೆ ಸೆಗಯಾ ಎಂಬ ಕೇರಿಯಲ್ಲಿದ್ದ ಆ ಅಂಗಡಿಯ ಏಸಿಯ ತಂಪಿನಲ್ಲಿ ಕೂತು ಅಂಚೆ ಮೂಲಕ ಬಿ.ಕಾಂ. ಓದು. ಅಲ್ಲಿದ್ದ ಈ ಕ್ಯಾಸೆಟ್ಟು ಒಂದು ಫ್ರೆಂಚ್ ಗ್ಯಾಂಗ್‌ಸ್ಟರ್ ಸಿನಿಮಾದ್ದು. ಭಾಷೆ ಯಾರಿಗೂ ಬಾರದು. ಟಿವಿಯ ಪಕ್ಕ ನಿಂತು ಕಾಕನೇ ಕಥೆ ಹೇಳುತ್ತಿದ್ದರು. ಅವರ ಬಾಯಲ್ಲಿ ಪ್ಯಾರಿಸ್ಸಿನ ದರೋಡೆಕೋರರೆಲ್ಲ ಮಂಗಳೂರು ಬಂದರಿನವರು: "ಎಂತ ಮಾರಾಯ, ನನ್ನ ಬೆನ್ನಿಗೇ ಇರಿದಿಯಲ್ಲ!" ನಾಯಕನನ್ನು ಗೆಳೆಯನೇ ಪೊಲೀಸರಿಗೆ ಹಿಡಿದುಕೊಡುತ್ತಾನೆ, ಅವನು ಜೈಲಿನಿಂದ ಬಂದು ಸೇಡು ತೀರಿಸುತ್ತಾನೆ. ಅಷ್ಟೇ ಕಥೆ.

ಕೊನೆಯ ವರ್ಷದ ಪರೀಕ್ಷೆಯನ್ನು ಊರಿನಲ್ಲಿ ಬರೆಯಬೇಕಿತ್ತು. ನಮ್ಮ ಪಾಸ್‌ಪೋರ್ಟುಗಳು, ಆಗಿನ ರೂಢಿಯಂತೆ, ಮ್ಯಾನೇಜರರ ಕಪಾಟಿನಲ್ಲಿ. ರಜೆಯೇನೋ ಸಿಕ್ಕಿತ್ತು. ಅಷ್ಟರಲ್ಲಿ ನನ್ನ ರೂಮಿನವನೇ, ಒಂದೇ ತಟ್ಟೆಯಲ್ಲಿ ಉಂಡವನು, ಇವನು ಹೋದರೆ ವಾಪಸ್ ಬರುವವನಲ್ಲ ಎಂದು ಮ್ಯಾನೇಜರರ ಕಿವಿಗೆ ಹಾಕಿದ. ನಾನು ಸಿಟ್ಟಿನಲ್ಲಿ ಕೆಲಸ ಬಿಟ್ಟರೆ ನನ್ನ ಕುರ್ಚಿ ಅವನ ಭಾವನಿಗೆ ಸಿಗುತ್ತಿತ್ತು. ಪಾಸ್‌ಪೋರ್ಟ್ ಕೊಡುವುದಿಲ್ಲ ಎಂದುಬಿಟ್ಟರು.

ಕುದಿಯುತ್ತಾ ಅಂಗಡಿಗೆ ಹೋದೆ. "ಅವ ಲೈಸೆನ್ಸ್ ಇಲ್ಲದೆ ವ್ಯಾನ್ ಬಿಡ್ತಾನೆ ಕಾಕ. ಪೊಲೀಸರಿಗೆ ಹಿಡಿದುಕೊಡ್ತೇನೆ."

"ಕೊಡು. ಸಿನಿಮಾದವನೂ ಸೇಡು ತೀರಿಸಿದ. ಕಡೆಗೆ ಎಲ್ಲಿ ಸತ್ತು ಬಿದ್ದ? ರಸ್ತೆಯಲ್ಲಿ. ನಿನಗೆ ಪರೀಕ್ಷೆ ಬರೀಲಿಕ್ಕೆ ಉಂಟಾ, ರಸ್ತೆಯಲ್ಲಿ ಬೀಳ್ಲಿಕ್ಕೆ ಉಂಟಾ?"

ಮರುದಿನ ಕಾಕ ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಬಂದರು. ಅಂಗಡಿಯ ಅರಬ್ಬಿ ಯಜಮಾನ ನಂಬಿಕೆಯಿಂದ ಅವರ ಕೈಯಲ್ಲೇ ಬಿಟ್ಟಿದ್ದ ತಮ್ಮ ಪಾಸ್‌ಪೋರ್ಟನ್ನು ಮ್ಯಾನೇಜರರ ಮೇಜಿನ ಮೇಲಿಟ್ಟು, "ಇವ ಬರುವವರೆಗೆ ನಾನೂ ಊರಿಗೆ ಹೋಗುದಿಲ್ಲ" ಎಂದರು. ಮ್ಯಾನೇಜರರು ಅದನ್ನು ಕಪಾಟಿಗಿಟ್ಟು ನನ್ನದನ್ನು ತೆಗೆದು ಕೊಟ್ಟರು.

"ಕಾಕ, ಇನ್ನು ನಿಮಗೆ ಊರು ಟಿವಿಯಲ್ಲೇ" ಎಂದು, ನಾನು ಊರಿನಲ್ಲಿದ್ದಾಗ, ಅಂಗಡಿಯ ಕೇರಿಯವರು ಅವರನ್ನು ಗೇಲಿ ಮಾಡಿದರಂತೆ. ನಾನು ಕೊನೆಯ ಪರೀಕ್ಷೆ ಮುಗಿದ ಮರುದಿನವೇ ವಿಮಾನ ಹಿಡಿಯಲು ಬೊಂಬಾಯಿಯ ಬಸ್ಸು ಹತ್ತಿದೆ. ಪಾಸ್‌ಪೋರ್ಟ್ ಮರಳಿ ಕೈಗೆ ಬಂದಾಗ ಕಾಕ ತಮ್ಮದೇ ಫೋಟೋ ನೋಡಿ, "ಇವ ಸ್ವಲ್ಪ ಹೆದರಿದ ಹಾಗೆ ಕಾಣ್ತಾನಲ್ಲ ಮಾರಾಯ" ಎಂದು ನಕ್ಕರು.

ಕಾಕ ಹೋಗಿ ಬಹಳ ವರ್ಷವಾಯಿತು. ಸುದ್ದಿ ಮುಟ್ಟಿದ್ದೂ ತಡವಾಗಿ... ಕ್ಯಾಸೆಟ್ ಹಾಕಲು ಯಂತ್ರವಿಲ್ಲ. ಹಾಕಿದರೂ ಕಥೆ ಹೇಳುವವರಿಲ್ಲ.

ಅಂದು ಪಾಸಾದ ಮೇಲೆ, ಮುಂದಿನ ರಜೆಯಲ್ಲಿ, ನಮ್ಮ ಕುಟುಂಬದ ಆ ಮೊದಲ ಡಿಗ್ರಿ ಸರ್ಟಿಫಿಕೇಟನ್ನು ದೊಡ್ಡಪ್ಪನ ಕೈಗಿಟ್ಟು ಕಾಕನ ಸಂಗತಿ ಹೇಳಿದ್ದೆ. ಲುಂಗಿಗೆ ಕೈ ಒರೆಸಿಕೊಂಡು ಹಿಡಿದವರು ಅಕ್ಷರಗಳ ಮೇಲೆ ಬೆರಳಾಡಿಸಿ ನನಗೇ ತಿರುಗಿ ಕೊಟ್ಟರು.

"ಆಗ್ಲಿಕ್ಕಿಲ್ಲ ಅಂದವ ನಾನು. ಮೊದಲು ಆ ಕಾಕನ ಕೈಯಲ್ಲಿಟ್ಟು ಬಾ."