ತಂತಿಬಲೆಯ ಮನೆಗೆ ಗುಬ್ಬಿ ಬಂದದ್ದು

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಗುಬ್ಬಿಗಳೇ ಜಾಸ್ತಿ ಇದ್ದವು. ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲೇ ತಲೆಯ ಮೇಲೆ ಹಿಕ್ಕೆ ಬಿದ್ದರೆ ಯಾರಿಗೆ ತಾನೆ ಪ್ರೀತಿ ಉಕ್ಕುತ್ತದೆ? ಆದರೂ ಈಗ ಯಾರಾದರೂ ಗುಬ್ಬಿಯ ಚಿತ್ರ ತೋರಿಸಿ "ಎಷ್ಟು ಮುದ್ದಾಗಿದೆ ನೋಡಿ" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಿತ್ರದಲ್ಲಿ ನೋಡಬೇಕಾದ ಹಕ್ಕಿಯೇನ್ರೀ ಅದು! ನಮ್ಮ ಜಂತೆಯ ಸಂದಿನಲ್ಲಿ, ದೇವರ ಪಟದ ಹಿಂದೆ, ಒಂದು ಸಲ ಗೂಟಕ್ಕೆ ನೇತುಹಾಕಿದ್ದ ಅಪ್ಪನ ಕೋಟಿನ ಜೇಬಿನಲ್ಲೂ ಸಂಸಾರ ಹೂಡಿದ್ದ ಹಕ್ಕಿ.

ನಮ್ಮೂರು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ. ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು, ನಾನಿನ್ನೂ ಲಂಗ ಉಟ್ಟು ಓಡಾಡುತ್ತಿದ್ದ ಕಾಲ. ಮಣ್ಣಿನ ಮಾಳಿಗೆ ಮನೆ, ಮುಂದೆ ಜಗಲಿ. ಅಪ್ಪ ರೇಷ್ಮೆಹುಳ ಸಾಕುತ್ತಿದ್ದರು. ಆಗ ಊರಿನಲ್ಲಿ ಹುಳ ಸಾಕುವವರು ಒಂದೆರಡು ಮನೆಯವರಷ್ಟೇ, ಹುಳಕ್ಕೆಂದು ಬೇರೆ ಮನೆ ಕಟ್ಟುವ ಪದ್ಧತಿಯೂ ಇರಲಿಲ್ಲ. ನಡುಮನೆಯಲ್ಲಿ ಬಿದಿರಿನ ತಟ್ಟೆಗಳ ತುಂಬ ಹುಳ, ಪಕ್ಕದಲ್ಲೇ ನಮ್ಮ ಹಾಸಿಗೆ. ಹುಳ ಮನೆಯಲ್ಲಿದ್ದಷ್ಟು ದಿನ ಒಗ್ಗರಣೆಯ ಘಾಟು ಏಳುವಂತಿಲ್ಲ, ಮಲ್ಲಿಗೆ ಮುಡಿಯುವಂತಿಲ್ಲ, ಜೋರಾಗಿ ನಗುವಂತಿಲ್ಲ. ಬಾಣಂತಿಯ ಮನೆಗೂ ಅಷ್ಟು ಕಟ್ಟುಪಾಡು ಇರುವುದಿಲ್ಲ.

ಅಮ್ಮನ ತವರು ಗೌರಿಬಿದನೂರಿನ ಆಚೆ, ನಗರಗೆರೆ ಕಡೆ. ಅವರ ಮನೆಮಾತು ತೆಲುಗು. ಗುಬ್ಬಿಯನ್ನು ಅವಳು ಕೊನೆಯವರೆಗೂ 'ಪಿಚ್ಚುಕ' ಎಂದೇ ಕರೆದಳು. ತವರಿನಿಂದ ಅವಳು ತಂದ ಬಳುವಳಿ ಎಂದರೆ ಒಂದು ಪದ್ಧತಿ. ನವಣೆ ಕೊಯ್ಯುವಾಗ ಮೊದಲ ತೆನೆಗಳನ್ನು ಬೇರೆ ಇಟ್ಟು, ಹೆಣ್ಣುಮಕ್ಕಳ ಜಡೆಯ ಹಾಗೆ ಹೆಣೆದು, ಜಗಲಿಯ ತೊಲೆಗೆ ಕಟ್ಟುತ್ತಿದ್ದಳು. ಗುಬ್ಬಿ ಬಂದು ಆ ಗೊಂಚಲಿಗೆ ಬಾಯಿ ಹಾಕುವ ತನಕ ಮನೆಯವರು ಹೊಸ ನವಣೆ ಉಣ್ಣುವಂತಿರಲಿಲ್ಲ. ಗುಬ್ಬಿ ಗೂಡು ಕಟ್ಟದ ಮನೆಯಲ್ಲಿ ಒಲೆ ಹಚ್ಚಬಾರದು ಎಂದು ಅವಳ ಅಜ್ಜಿ ಹೇಳಿದ್ದಳಂತೆ. ಅಮ್ಮನಿಗೆ ಅದೇ ವೇದ.

ಅಪ್ಪನಿಗೋ ಗುಬ್ಬಿ ಎಂದರೆ ಹಾಡುಹಗಲ ಕಳ್ಳ. ಹಣ್ಣಾದ ಹುಳಗಳನ್ನು ಚಂದ್ರಂಕಿಗೆ ಬಿಡುತ್ತಾರಲ್ಲ, ಅಂದರೆ ಹುಳ ಗೂಡು ಕಟ್ಟಲಿ ಎಂದು ಬಿದಿರುದಬ್ಬೆಯನ್ನು ಸುತ್ತುಸುತ್ತಾಗಿ ಹೆಣೆದ ಅಗಲವಾದ ತಟ್ಟಿ, ಅದನ್ನು ಅಂಗಳದ ನೆರಳಿಗೆ ಒರಗಿಸಿಡಬೇಕು. ಇಟ್ಟರೆ ಸಾಕು, ಗುಬ್ಬಿ, ಗೊರವಂಕ, ಕಾಗೆ ಎಲ್ಲಕ್ಕೂ ಮದುವೆಯೂಟ. ಕೋಲು ಹಿಡಿದು ಕಾಯುವ ಕೆಲಸ ನನ್ನದು. ಒಂದು ಮೂಲೆಯಲ್ಲಿ ಓಡಿಸಿದರೆ ಇನ್ನೊಂದು ಮೂಲೆಯಲ್ಲಿ ಇಳಿಯುತ್ತಿದ್ದವು, ಹಾಳಾದವು.

"ನಾನು ಹುಳ ಸಾಕ್ತಿರೋದು ನೂಲಿಗೋ, ನಿನ್ ಗುಬ್ಬಿ ಬಾಣಂತನಕ್ಕೋ?" ಎಂದು ಅಪ್ಪ ಕೂಗಾಡುತ್ತಿದ್ದರು.

"ಪಾಪಮು, ಒಂದೆರಡು ತಿಂದ್ರೆ ನಿಮ್ಮ ಗಂಟೇನು ಹೋಗುತ್ತೆ? ಅದಕ್ಕೂ ಮಕ್ಕಳಿಲ್ವಾ?" ಎಂದು ಅಮ್ಮ ಒಳಗಿನಿಂದಲೇ ಕೇಳುತ್ತಿದ್ದಳು.

ಮಲೇರಿಯಾ ಔಷಧಿ ಹೊಡೆಯುವವರು ಬಂದದ್ದು ಇಂಥ ದಿನಗಳಲ್ಲೇ. ಬೆನ್ನಿಗೆ ಡಬ್ಬಿ, ಕೈಯಲ್ಲಿ ಪಂಪು. ಊರಿನವರೆಲ್ಲ ಮಡಕೆ ಕುಡಿಕೆ ಬೀದಿಗಿಟ್ಟು ಗೋಡೆ, ಜಂತೆ, ಮೂಲೆಮೂಲೆಗೂ ಹೊಡೆಸಿಕೊಂಡರು. ನಮ್ಮ ಮನೆಯ ಮುಂದೆ ಬಂದಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತರು. ನಾಲ್ಕನೆಯ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಕಳೆದ ಹುಳ ಒಳಗಿತ್ತು.

"ಬೇಕಾದ್ರೆ ನನ್ ಮೈಗೆ ಹೊಡೀರಪ್ಪ, ಒಳಕ್ಕೆ ಮಾತ್ರ ಬಿಡಲ್ಲ. ಆ ವಾಸನೆಗೇ ಸಾಯ್ತವೆ ಹುಳ" ಎಂದರು. ಬಂದವರು ಗೊಣಗಿಕೊಂಡು ಮುಂದಿನ ಮನೆಗೆ ಹೋದರು.

ಆಮೇಲೆ ಆದದ್ದು ನೋಡಿ. ಔಷಧಿಯಿಂದಲೋ, ಅದರಿಂದ ಜಂತೆಯ ಹುಳಹುಪ್ಪಟೆ ಸತ್ತು ಮರಿಗೆ ಕೊಡಲು ಏನೂ ಸಿಗದೆಯೋ, ನಾನು ಓದಿದವಳಲ್ಲ, ಹೇಳಲಾರೆ. ಊರಿನ ಗುಬ್ಬಿಯೆಲ್ಲ ನಮ್ಮ ಮನೆಗೆ ಬಂದವು. ತೊಲೆಯ ಮೇಲೆ ಕೂರಲು ಜಾಗವಿಲ್ಲದೆ ಒಂದನ್ನೊಂದು ಕುಕ್ಕಿಕೊಂಡು ಜಗಳ. ಹುಳ ಉಳಿಸಲು ಹೋಗಿ ಅಪ್ಪ ತಮ್ಮ ಶತ್ರುಗಳಿಗೇ ಛತ್ರ ತೆರೆದಂತಾಗಿತ್ತು. ಬೀದಿಯವರು "ಏನ್ ಗೌಡ್ರೇ, ಗುಬ್ಬಿಗೂ ಚಾಕಿ ಕಟ್ತಿದೀರಂತೆ" ಎಂದು, ಮರಿಹುಳ ಸಾಕುವ ಮಾತನ್ನೇ ಎತ್ತಿ ಕಿಚಾಯಿಸಿದರೆ ಅಪ್ಪನ ಮುಖ ಮೆಣಸಿನಕಾಯಿ. ಅಮ್ಮ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಅಷ್ಟು ಸಂತೋಷವಾಗಿ ಅವಳನ್ನು ನಾನು ಕಂಡದ್ದು ಕಡಿಮೆ.

ಅರವತ್ತರ ದಶಕ ಬರುವ ಹೊತ್ತಿಗೆ ರೇಷ್ಮೆಗೆ ಒಳ್ಳೆಯ ಕಾಲ ಬಂತು. ಬಾವಿಗೆ ಪಂಪು ಬಂತು. ರಾಗಿ, ನವಣೆಯ ಹೊಲವೆಲ್ಲ ವರ್ಷದಿಂದ ವರ್ಷಕ್ಕೆ ಹಿಪ್ಪುನೇರಳೆ ತೋಟವಾಯಿತು. ರಾಗಿ ಪೈರಿನಿಂದ ಬುರ್ರೆಂದು ಎದ್ದು ಎದೆ ಝಲ್ಲೆನಿಸುತ್ತಿದ್ದ ಬುರ್ಲಿ ಹಕ್ಕಿಗಳು ಕಡಿಮೆಯಾದವು. ಬಾವಿಯ ಮೇಲೆ ಬಾಗಿದ್ದ ಈಚಲು ಮರದ ತುಂಬ ಗೀಜಗನ ಗೂಡು ತೂಗುತ್ತಿದ್ದವು. ಆ ಹಕ್ಕಿಗಳೂ ಒಂದು ವರ್ಷ ಅರ್ಧಂಬರ್ಧ ಹೆಣೆದು ಬಿಟ್ಟುಹೋದವು, ಮತ್ತೆ ಬರಲಿಲ್ಲ. ಹೆಣೆಯಲು ಗರಿ ಇತ್ತು, ತಿನ್ನಲು ಕಾಳಿರಲಿಲ್ಲ.

ಶಿಡ್ಲಘಟ್ಟದಲ್ಲಿ ಇದಕ್ಕೆ ತದ್ವಿರುದ್ಧ. ಅಪ್ಪನ ಜೊತೆ ರೇಷ್ಮೆಗೂಡಿನ ಮೂಟೆ ತೆಗೆದುಕೊಂಡು ಹೋದಾಗ ನೋಡುತ್ತಿದ್ದೆ. ನೂಲು ಬಿಚ್ಚಿದ ಮೇಲೆ ಉಳಿಯುವ ಬೆಂದ ಹುಳವನ್ನು ರಾಶಿ ಹಾಕುವ ಕಡೆಯೆಲ್ಲ ಕಾಗೆ, ಹದ್ದು, ಬೆಳ್ಳಕ್ಕಿಗಳ ಜಾತ್ರೆ. ವರ್ಷ ವರ್ಷಕ್ಕೂ ಹೆಚ್ಚುತ್ತಿದ್ದವು. ನಮ್ಮ ಗೂಡು ಕೊಳ್ಳುತ್ತಿದ್ದ ಸಾಹೇಬರು, ಬಿಳಿ ಗಡ್ಡದ ಹಾಸ್ಯಗಾರರು, ಒಮ್ಮೆ ಆಕಾಶ ತೋರಿಸಿ, "ನಿಮ್ಮೂರಿನ ಹಕ್ಕಿ ಎಲ್ಲಾ ನಮ್ಮ ಮೊಹಲ್ಲಾಕ್ಕೇ ಬಂದ್ಬಿಟ್ಟಿದಾವೆ ಬೇಟಿ, ಬಾಡಿಗೆ ಕೇಳಿದ್ರೆ ತಲೆ ಮೇಲೇ ಕೊಡ್ತವೆ" ಎಂದು ಟೋಪಿ ತೆಗೆದು ಒರೆಸಿಕೊಂಡರು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳಿಗೆ ನಗು ಬರಲಿಲ್ಲ. "ಹದ್ದು ಹೆಚ್ಚಾದ್ರೆ ಏನ್ ಬಂತು? ಪಿಚ್ಚುಕ ಇರ್ಬೇಕಮ್ಮ ಮನೇಲಿ" ಎಂದಳು.

ಅದೇ ಸುಮಾರಿಗೆ ಅಪ್ಪ ಹಳೆಯ ಮನೆಯ ಪಕ್ಕದಲ್ಲೇ ಹೊಸ ಮನೆ ಕಟ್ಟಿಸಿದರು. ನಮ್ಮ ಬೀದಿಗೆ ಮೊದಲ ತಾರಸಿ ಮನೆ. ಸಿಮೆಂಟಿನ ನೆಲ, ಗವಾಕ್ಷಿಗಳು, ನುಣುಪು ಗೋಡೆ. ಹುಳದವರ ಬುದ್ಧಿ ಎಲ್ಲಿಗೆ ಹೋಗುತ್ತದೆ ಹೇಳಿ? ಮನುಷ್ಯರು ಇರುವ ಮನೆ ಎನ್ನುವುದನ್ನೇ ಮರೆತು ಪ್ರತಿ ಕಿಟಕಿಗೂ, ಪ್ರತಿ ಗವಾಕ್ಷಿಗೂ ತಂತಿಬಲೆ ಹೊಡೆಸಿಬಿಟ್ಟರು. ಇಲಿ ಬರಬಾರದು, ಹಲ್ಲಿ ಬರಬಾರದು, ಗುಬ್ಬಿ ಬರಬಾರದು. ಅಮ್ಮ ಒಂದು ಸುತ್ತು ಹಾಕಿ ನೋಡಿ, "ಜರಡಿ ಕಟ್ಸಿದಾರೆ ನಿಮ್ಮಪ್ಪ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಗೃಹಪ್ರವೇಶವಾಯಿತು. ಹಾಲು ಉಕ್ಕಿಸಿದರು, ನೆಂಟರು ಉಂಡರು, ಹೊಗಳಿದರು. ಸಂಜೆ ನೆಂಟರ ಕೊನೆಯ ಗಾಡಿ ತಿರುಗಿದ್ದೇ ತಡ, ಅಮ್ಮ ಅನ್ನದ ತಪ್ಪಲೆಯನ್ನು ಸೊಂಟಕ್ಕಿಟ್ಟುಕೊಂಡು ಹಳೆಯ ಮನೆಗೆ ನಡೆದಳು.

"ಎಲ್ಲಿಗೆ?" ಎಂದರು ಅಪ್ಪ.

"ಅಡಿಗೆಗೆ. ಗುಬ್ಬಿ ಬರದ ಮನೇಲಿ ನಾನು ಒಲೆ ಹಚ್ಚಲ್ಲ."

ಅಪ್ಪ ನಕ್ಕರು. ವಾರವಾಯಿತು, ನಗು ನಿಂತಿತು. ತಿಂಗಳಾಯಿತು, ಇಬ್ಬರ ನಡುವೆ ಮಾತೇ ನಿಂತಿತು. ಅಪ್ಪ ಹಟಕ್ಕೆ ಬಿದ್ದು ಹೊಸ ಮನೆಯಲ್ಲಿ ಒಬ್ಬರೇ ಮಲಗುವುದು, ಅಮ್ಮ ಹಳೆಯ ಮನೆಯಲ್ಲಿ ತಟ್ಟೆಗಳ ಪಕ್ಕ. ನಡುವೆ ನಾನು ಟಪಾಲಿನವಳು. "ನಿಮ್ಮಪ್ಪಂಗೆ ಹೇಳು, ಮುದ್ದೆ ಆರ್ತಾ ಇದೆ." "ನಿಮ್ಮಮ್ಮಂಗೆ ಹೇಳು, ಇಲ್ಲಿಗೇ ಕಳ್ಸು ಅಂತ." ಕೈಗೆಟಕುವ ದೂರದಲ್ಲಿ ನಿಂತುಕೊಂಡೂ ಹೀಗೇ! ನನಗೆ ರೇಗಿಹೋಗಿತ್ತು. ಅಳುವೂ ಬರುತ್ತಿತ್ತು. ನಾನು ಬೇಡವೆಂದರೂ ರಾತ್ರಿ ಅಮ್ಮ ಹೊಸ ಮನೆಯ ದೀಪ ಆರುವವರೆಗೆ ಬಾಗಿಲಲ್ಲಿ ಕೂತಿರುತ್ತಿದ್ದಳು.

ಕೊನೆಗೆ ಅಪ್ಪ ಒಂದು ಉಪಾಯ ಮಾಡಿದರು. ಹೊಸ ಜಗಲಿಯಲ್ಲಿ ಗುಬ್ಬಿಗೆಂದು ಒಂದು ಮನೆ ಕಟ್ಟಿದರು. ಹೇಗೆ ಕಟ್ಟಿದರು ಕೇಳಿ. ನಾಲ್ಕು ಕಾಲಿನ ಸ್ಟ್ಯಾಂಡು, ಮೇಲೆ ಬಿದಿರಿನ ತಟ್ಟೆ, ಬೆಳಕು ಬೀಳದಂತೆ ಸುತ್ತ ಗೋಣಿ ಪರದೆ, ಇರುವೆ ಹತ್ತಬಾರದೆಂದು ಪ್ರತಿ ಕಾಲಿನ ಕೆಳಗೂ ನೀರಿನ ಬಟ್ಟಲು! ತಟ್ಟೆಯನ್ನು ಬಿಸಿಲಿಗೆ ಒಣಗಿಸಿ, ಸಗಣಿ ಸಾರಿಸಿ, ಮತ್ತೆ ಒಣಗಿಸಿದ್ದರು. ಹಿಪ್ಪುನೇರಳೆ ಸೊಪ್ಪೊಂದು ಹಾಕಿರಲಿಲ್ಲ ಅಷ್ಟೆ. ಗುಬ್ಬಿಗಳು ಬಂದು ಬಟ್ಟಲ ನೀರಿನಲ್ಲಿ ಸ್ನಾನ ಮಾಡಿ ಹಳೆಯ ಮನೆಗೆ ಹಾರಿಹೋದವು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ನನಗೆ ಹೇಳಿದಳು: "ಅದಕ್ಕೆ ಮನೆ ಬೇಕಿಲ್ಲ ಕಣೇ. ಈ ವರ್ಷ ತೊಲೆಗೆ ಕಟ್ಟೋಕೆ ಒಂದು ತೆನೆ ಇಲ್ಲ ನಮ್ಮ ಹೊಲದಲ್ಲಿ. ಅಂಗಡಿಯಿಂದ ತಂದ ನವಣೇಲಿ ಜಡೆ ಹೆಣೆಯೋಕಾಗುತ್ತಾ?"

ಆಗ ನನಗೆ ತಿಳಿಯಿತು, ಅವಳ ಕೊರಗು ಏನು ಎಂದು. ಟಪಾಲಿನವಳು ಈ ಮಾತನ್ನೂ ತಲುಪಿಸಿದಳು.

ಮಾರನೆಯ ಬೆಳಗ್ಗೆ ಬಾವಿಯ ಹತ್ತಿರ ಗುದ್ದಲಿಯ ಸದ್ದು. ಹೋಗಿ ನೋಡಿದರೆ ಅಪ್ಪ ಹಿಪ್ಪುನೇರಳೆ ಗಿಡಗಳನ್ನು ಬುಡಸಮೇತ ಕೀಳುತ್ತಿದ್ದಾರೆ. ಸೊಪ್ಪು ತುಂಬಿ ನಿಂತ, ತಾವೇ ಕಡ್ಡಿ ನೆಟ್ಟು ಬೆಳೆಸಿದ ಗಿಡಗಳು! ಹುಳದವರು ಇಂಥ ಕೆಲಸ ಮಾಡುವುದನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ.

"ಏನಪ್ಪ ಇದು?" ಎಂದೆ.

"ಎತ್ತಿಗೆ ಹುಲ್ಲು ಬೇಡ್ವೇನಮ್ಮ? ಒಂದು ಪಟ್ಟೆ ನವಣೆ ಹಾಕಣ ಅಂತ" ಎಂದರು, ತಲೆ ಎತ್ತದೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನವಣೆಯ ಹುಲ್ಲನ್ನು ನಮ್ಮ ಎತ್ತು ಮೂಸಿಯೂ ನೋಡುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಗೌರಿ ಹಬ್ಬದ ಹೊತ್ತಿಗೆ ತೆನೆ ಬಾಗಿತು. ಅಮ್ಮ ತಾನೇ ಹೋಗಿ ಕೊಯ್ದಳು. ಹಳೆಯ ಜಗಲಿಯಲ್ಲಿ ಕೂತು ಜಡೆ ಹೆಣೆದಳು, ಆದರೆ ತಂದು ಕಟ್ಟಿದ್ದು ಹೊಸ ಮನೆಯ ಜಗಲಿಯಲ್ಲಿ, ತೊಟ್ಟಿಲಿಗೆಂದು ತಾರಸಿಗೆ ಬಿಟ್ಟಿದ್ದ ಕೊಂಡಿಗೆ. ಅಪ್ಪ ಅದನ್ನು ನೋಡಿಯೂ ನೋಡದವರಂತೆ ಬೀಡಿ ಹಚ್ಚಿದರು.

ಎರಡು ದಿನದಲ್ಲಿ ಗುಬ್ಬಿಗಳು ಜೋತುಬಿದ್ದವು. ತಿಂದವು, ಉದುರಿಸಿದವು, ಜಗಳವಾಡಿದವು. ಆಮೇಲೊಂದು ಬೆಳಗ್ಗೆ ಒಂದು ಹೆಣ್ಣುಗುಬ್ಬಿ ಬಾಯಲ್ಲಿ ಹುಲ್ಲೆಸಳು ಕಚ್ಚಿಕೊಂಡು ಗವಾಕ್ಷಿಗೆ ಹಾರಿತು. ತಂತಿಬಲೆ. ಮುಖ ಬಡಿದು ಹಿಂದೆ ಬಿತ್ತು. ಮತ್ತೆ ಹಾರಿತು, ಮತ್ತೆ ಬಡಿಯಿತು. ಹುಲ್ಲು ಮಾತ್ರ ಬಿಡಲಿಲ್ಲ. ಅಂಗಳದಲ್ಲಿ ನಿಂತ ಅಮ್ಮ ಕೈಯಲ್ಲಿದ್ದ ಮೊರವನ್ನು ಎದೆಗೆ ಒತ್ತಿಕೊಂಡಳು. ಅವಳ ಕಣ್ಣು ತುಂಬಿ ಬಂತು. "ಅಯ್ಯೋ ಪಾಪಮು" ಎಂದಳು, ಅಷ್ಟೆ.

ಅಪ್ಪ ಎದ್ದರು. ಸೊಪ್ಪು ಕತ್ತರಿಸುವ ಕತ್ತಿ ತಂದರು. ಗುಬ್ಬಿಗೆಂದು ಮಾಡಿದ್ದ ಆ ಸ್ಟ್ಯಾಂಡನ್ನೇ ಎಳೆದು ಅದರ ಮೇಲೆ ಹತ್ತಿ, ತಾವೇ ಹೇಳಿ ಹೊಡೆಸಿದ್ದ ಬಲೆಯನ್ನು ಪರಪರ ಸೀಳಿ ಕಿತ್ತು ಅಂಗಳಕ್ಕೆ ಎಸೆದರು. ಒಂದು ಗವಾಕ್ಷಿಯದಲ್ಲ, ಎಲ್ಲದರದೂ. ಕೈ ತರಚಿ ರಕ್ತ ಬರುತ್ತಿತ್ತು. ಇಳಿದು ಬಂದು ಜಗಲಿಯ ಮೇಲೆ ಕೂತರು. ಗುಬ್ಬಿ ಒಂದು ಗಳಿಗೆ ಹೊರಗೆ ಕೂತು ಅನುಮಾನಿಸಿ, ಒಳಗೆ ನುಗ್ಗಿತು.

ಅಮ್ಮ ಹಳೆಯ ಮನೆಗೆ ಹೋದಳು. ಅನ್ನದ ತಪ್ಪಲೆ, ಮುದ್ದೆ ಕೋಲು, ಉಪ್ಪಿನ ಮರಿಗೆ ಹೊತ್ತುಕೊಂಡು ನಮ್ಮ ಮುಂದೆಯೇ ಹೊಸ ಮನೆಯೊಳಗೆ ನಡೆದಳು. ಸ್ವಲ್ಪ ಹೊತ್ತಿಗೆ ಗವಾಕ್ಷಿಯಿಂದ ಹೊಗೆ ಬಂತು. ಆಮೇಲೆ ಒಗ್ಗರಣೆ ಸಿಡಿದ ಸದ್ದು. ಬಾಗಿಲಿಗೆ ಬಂದು, ಅಪ್ಪ ಅಲ್ಲೇ ಕೂತಿದ್ದರೂ ನನ್ನ ಮುಖ ನೋಡಿ ಹೇಳಿದಳು: "ನಿಮ್ಮಪ್ಪಂಗೆ ಹೇಳು, ಊಟಕ್ಕೆ ಏಳ್ಬೇಕಂತೆ."

ಅಪ್ಪ ತರಚಿದ ಕೈಯನ್ನು ಪಂಚೆಗೆ ಒರೆಸಿಕೊಂಡರು. "ಯಾವ್ ಮನೇಲಿ ಅಂತ ಕೇಳು."

ಅಮ್ಮ ನನ್ನನ್ನು ಬಿಟ್ಟು ಅವರ ಕಡೆಗೇ ತಿರುಗಿದಳು.

"ನಮ್ಮನೇಲಿ" ಎಂದಳು.