ರೇಡಿಯೊ ಚಾಚಾರ ಸಂದೇಶದ ಪೆಟ್ಟಿಗೆ

ಹಳೆಯ ಫ್ಲಾಪಿಗಳ ಡಬ್ಬಿಯೊಂದನ್ನು ಚಾಚಾರ ಮಗಳು ಕಳಿಸಿಕೊಟ್ಟಿದ್ದಳು. ಮುಚ್ಚಳ ತೆಗೆದೊಡನೆ ಬೆಸುಗೆಯ ರಾಳದ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ ಹೋಗಿಲ್ಲ ನೋಡಿ! ಬೆಟಗೇರಿಯಲ್ಲಿ ಅವರ ರೇಡಿಯೊ ರಿಪೇರಿ ಅಂಗಡಿಗೆ ಕಾಲಿಟ್ಟರೆ ಇದೇ ವಾಸನೆ...

ಊರಿಗೆಲ್ಲ ಅವರು ರೇಡಿಯೊ ಚಾಚಾ. ಇಂಟರ್ನೆಟ್ಟಿನ ಹೆಸರೂ ನಮ್ಮ ಕಡೆ ಸರಿಯಾಗಿ ಬಂದಿರದ ಕಾಲದಲ್ಲಿ ಅವರ ಅಂಗಡಿಯಲ್ಲೊಂದು ಕಂಪ್ಯೂಟರ್ ಇತ್ತು, ಅದಕ್ಕೆ ಟೆಲಿಫೋನ್ ತಂತಿ ಜೋಡಿಸಿದ್ದರು. ಯಾರೋ ಹವ್ಯಾಸಿಗಳು ಬರೆದು ಪುಕ್ಕಟೆ ಹಂಚಿದ್ದ ಸಂದೇಶದ ತಂತ್ರಾಂಶವನ್ನು ಬಿಚ್ಚಿ, ತಿದ್ದಿ, ತಮಗೆ ಬೇಕಾದಂತೆ ಮಾಡಿಕೊಂಡಿದ್ದರು. ನಾವು ನಮ್ಮ ನಮ್ಮ ಊರಿನ ಕಂಪ್ಯೂಟರಿನಿಂದ ಅಲ್ಲಿಗೆ ಫೋನ್ ಹಚ್ಚಿ, ಒಬ್ಬರಾದ ಮೇಲೊಬ್ಬರು ಒಳಗೆ ಹೋಗಿ, ಮಾತು ಬರೆದಿಟ್ಟು ಬರುತ್ತಿದ್ದೆವು. ಶಿರಹಟ್ಟಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ನಾನು, ಲಕ್ಷ್ಮೇಶ್ವರದ ಫೋಟೊ ಸ್ಟುಡಿಯೊದವರು, ಮುಂಡರಗಿಯ ಗಣಿತದ ಮಾಸ್ತರರು... ಘನಂದಾರಿ ವಿಷಯವೇನೂ ಇರುತ್ತಿರಲಿಲ್ಲ. ಡಂಬಳದಲ್ಲಿ ಮಳೆಯಾಯಿತೇ, ಯಾರ ಹತ್ತಿರವಾದರೂ ಹಳೆಯ ಸ್ಪೀಕರ್ ಇದೆಯೇ, ಇಂಥವೇ.

ಮೂಲ ತಂತ್ರಾಂಶ ಒಳಗೆ ಬರುವವರಿಗೆ ಪಾಸ್‌ವರ್ಡ್ ಕೇಳುತ್ತಿತ್ತು. ಚಾಚಾ ಅದನ್ನು ಕಿತ್ತುಹಾಕಿ, ಇಂಗ್ಲಿಷ್ ಅಕ್ಷರಗಳಲ್ಲೇ ‘ಊಟ ಆತ್ರಿ?’ ಎಂದು ಬರೆದಿದ್ದರು. ಉತ್ತರ ಬರೆದರಷ್ಟೇ ಬಾಗಿಲು ತೆರೆಯುತ್ತಿತ್ತು. ಊಟವಾಯಿತೇ ಎಂದವರನ್ನು ತಿರುಗಿ ಕೇಳದೆ ಬಿಡುವುದುಂಟೇ? ‘ಆತ್ರಿ, ನಿಮ್ದು?’ ಎಂದು ನಾವು ಬರೆದರೆ, ಕೈಯಲ್ಲಿದ್ದ ರೇಡಿಯೊ ಬದಿಗಿಟ್ಟು ಚಾಚಾ ತಾವೇ ‘ನಮ್ದೂ ಆತು, ಬರ್ರಿ ಒಳಗ’ ಎಂದು ಒತ್ತುತ್ತಿದ್ದರು.

ಮಾಸ್ತರರು ಟೈಪ್ ಮಾಡುವುದು ಒಂದೇ ಬೆರಳಿನಿಂದ. ಅವರು ಒಂದು ಅಕ್ಷರ ಹುಡುಕುವಷ್ಟರಲ್ಲಿ ನಾವು ಚಹಾ ಕುಡಿದು ಬರಬಹುದಿತ್ತು. ಸುಮ್ಮನಿದ್ದವರನ್ನು ತಂತ್ರಾಂಶ ಹೊರಗೆ ಹಾಕುತ್ತಿತ್ತಾದ್ದರಿಂದ, ಅವರ ಸಲುವಾಗಿಯೇ ಚಾಚಾ ಅದು ಕಾಯುವ ಹೊತ್ತನ್ನು ಹೆಚ್ಚಿಸಿದ್ದರು.

“ಮಾಸ್ತರು ಹಿಂಗ ಲೈನ್ ಹಿಡಿದು ಕುಂತ್ರ ಉಳಿದವರ ಪಾಡೇನ್ರಿ ಚಾಚಾ?” ಎಂದು ನಾನು ರೇಗುತ್ತಿದ್ದೆ.

“ಮಷೀನಿಗೆ ಏನ್ ಗಡಿಬಿಡಿ ಐತಿ ಯವ್ವಾ? ಕುಂಡ್ರತೈತಿ ಬಿಡು,” ಎನ್ನುತ್ತಿದ್ದರು.

ಚಾಚಾ ತೀರಿಕೊಂಡು ವರ್ಷವಾಗುತ್ತ ಬಂತು. “ನಮ್ಮ ಅಬ್ಬಾ ಮಾಡಿದ್ದು ಮತ್ತ ನಡೀತೈತೇನ್ ನೋಡ್ರಿ ಅಕ್ಕಾ,” ಎಂದು ಮಗಳು ಕೇಳಿಕೊಂಡಿದ್ದಳು. ಡಬ್ಬಿಯಲ್ಲಿದ್ದ ಫ್ಲಾಪಿಗಳಿಗೆಲ್ಲ ಬೂಷ್ಟು ಹಿಡಿದು, ಓದಲು ಬಂದದ್ದು ಒಂದೇ ಒಂದು. ಅದೂ ಕೈಬಿಟ್ಟರೆ ಅವರ ಆ ಕೆಲಸ ಬೇರೆಲ್ಲೂ ಉಳಿದಿರಲಿಲ್ಲ. ನನ್ನ ಲ್ಯಾಪ್‌ಟಾಪನ್ನು ಹಳೆಯ ಕಂಪ್ಯೂಟರಿನಂತೆ ನಟಿಸುವ ಹಾಗೆ ಮಾಡಿ, ಅದರೊಳಗೆ ಇದನ್ನು ಓಡಿಸಿದೆ. ‘ಊಟ ಆತ್ರಿ?’ ಎಂದು ಮೂಡಿತು. ನಾನು ಕೈ ಎತ್ತುವಷ್ಟರಲ್ಲಿ ಹೊರಗೆ ಹಾಕಿತು! ಮತ್ತೆ ಓಡಿಸಿದರೂ ಅದೇ ಕಥೆ.

ಬಹಳ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ತಂತ್ರಾಂಶ ಕಾಯುವ ಹೊತ್ತನ್ನು ಚಾಚಾ ಗಡಿಯಾರಕ್ಕೆ ಹೊಂದಿಸಿರಲಿಲ್ಲ. ಇಂತಿಷ್ಟು ಎಣಿಸುವವರೆಗೆ ಕಾಯಿ ಎಂದು ಯಂತ್ರಕ್ಕೆ ಹೇಳಿದ್ದರು. ಅವರ ಯಂತ್ರ ನಿಧಾನವಾಗಿ ಎಣಿಸುತ್ತಿತ್ತು, ಇಂದಿನದು ಕಣ್ಣು ಮಿಟುಕಿಸುವುದರೊಳಗೆ ಎಣಿಸಿ ಮುಗಿಸುತ್ತದೆ. ಲ್ಯಾಪ್‌ಟಾಪಿನ ಓಟವನ್ನು ಅವರ ಕಂಪ್ಯೂಟರಿನಷ್ಟಕ್ಕೆ ತಗ್ಗಿಸಿದೆ. ಆಗ ಕಾಯತೊಡಗಿತು. ಖುಷಿಯಿಂದ ಒಬ್ಬಳೇ ನಕ್ಕುಬಿಟ್ಟೆ.

ಚಾಚಾರ ಮಗಳಿಗೂ ಹಳೆಯ ಗೆಳೆಯರಿಗೂ ಪ್ರತಿ ಹಂಚಿ, ಎಲ್ಲರೂ ಇಂಟರ್ನೆಟ್ಟಿನ ಮೂಲಕ ನನ್ನ ಲ್ಯಾಪ್‌ಟಾಪಿಗೆ ಬಂದು ಸೇರುವಂತೆ ಮಾಡಿದೆ. ಮೊನ್ನೆ ಮಧ್ಯಾಹ್ನ ಮೊದಲು ಬಂದವರು ಮಾಸ್ತರರು. ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು... ‘ಆತ್ರಿ ಚಾಚಾ, ನಿಮ್ದು?’

ಆಮೇಲೆ ಏನೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಫೋನು ಬಂತು.

“ಅಕ್ಕೋರ, ಬಾಗಿಲಾ ತಗದೈತಿ ಖರೆ. ಕೇಳಿದ್ದಕ್ಕ ಜವಾಬು ಬರೂಕಿಂತ ಮೊದ್ಲ ಒಳಗ ಹೆಂಗ ಹೋಗ್ಲಿ?”

ಚಾಚಾ ಇಲ್ಲವೆಂದು ಅವರಿಗೆ ಗೊತ್ತಿತ್ತು. ಚಾಚಾರ ಮಣ್ಣಿಗೆ ನಾವಿಬ್ಬರೂ ಹೋಗಿದ್ದೆವು. ‘ನಮ್ದೂ ಆತು’ ಎಂಬ ಆ ಒಂದು ಸಾಲನ್ನು ನಾನೇ ಬರೆಯಬಹುದಿತ್ತು. ಬೆರಳು ಕೀಲಿಯ ಮೇಲೂ ಹೋಗಿತ್ತು... ಒತ್ತಲಾಗಲಿಲ್ಲ.

“ಜವಾಬು ಬರಂಗಿಲ್ರಿ ಮಾಸ್ತರ. ನೀವು ಒಳಗ ಬರ್ರಿ,” ಎಂದೆ.

ಅವರು ಹೂಂ ಎಂದರು. ಫೋನು ಮಾತ್ರ ಇಡಲಿಲ್ಲ. ನಾನೂ ಇಡಲಿಲ್ಲ.