ಸಿದ್ರಾಮಪ್ಪನ ಸೊಂಟನೋವು

ಬುತ್ತಿಯ ಮುಚ್ಚಳ ತೆರೆಯುವುದಕ್ಕೂ ಮೊದಲ ತುತ್ತು ಬಾಯಿಗೆ ಬೀಳುವುದಕ್ಕೂ ನಡುವೆ ಎಷ್ಟು ಹೊತ್ತು ಇರಬೇಕೆಂಬುದರ ಬಗ್ಗೆ ನಮ್ಮ ಆಳಂದದ ಕಚೇರಿಯಲ್ಲಿ ಲಿಖಿತ ಸುತ್ತೋಲೆಯೇನೂ ಇಲ್ಲ. ಒಂದು ಸಹಿಗೆ ಒಂದು ತಿಂಗಳು ತೆಗೆದುಕೊಳ್ಳುವ ನಾವು ಈ ವಿಷಯದಲ್ಲಿ ಮಾತ್ರ ವಿಳಂಬವನ್ನು ಸಹಿಸುವವರಲ್ಲ. ಒಂದು ಗಂಟೆಯಾಯಿತೆಂದರೆ ಕಡತಗಳು ಮುಚ್ಚುತ್ತವೆ, ಡಬ್ಬಿಗಳು ತೆರೆಯುತ್ತವೆ. ಸಾರ್ವಜನಿಕರು ಹೊರಗೆ ಬೇವಿನ ಮರದ ಕೆಳಗೆ ಕುಳಿತು ಸಹನೆಯೆಂಬ ಸದ್ಗುಣವನ್ನು ಅಭ್ಯಾಸ ಮಾಡುತ್ತಾರೆ.

ನಮಗೇ ಆ ಸದ್ಗುಣದ ಪಾಠ ಹೇಳಲು ಬಂದವನು ಪ್ರಭುದಾಸ. ಜೇವರ್ಗಿಯಿಂದ ವರ್ಗವಾಗಿ ಬಂದ ಕ್ರೈಸ್ತ ಗುಮಾಸ್ತ, ನನ್ನ ಓರಗೆಯವನು, ವಯಸ್ಸಾದ ತಾಯಿಯೊಡನೆ ಬಾಡಿಗೆ ಮನೆಯಲ್ಲಿರುವವನು. ಊಟಕ್ಕೆ ಕುಳಿತ ಕೂಡಲೇ ತನ್ನ ಡಬ್ಬಿಯ ಮುಚ್ಚಳದ ಮೇಲೆ ಬಲಗೈ ಇಟ್ಟು, ಕಣ್ಣು ಮುಚ್ಚಿ, ಪಿಸುದನಿಯಲ್ಲಿ ಪ್ರಾರ್ಥಿಸುತ್ತಾನೆ. ಅಂಗಿಯ ಜೇಬಿನಲ್ಲೊಂದು ಚೀಟಿ. ಅದರಲ್ಲಿ ಕಾಯಿಲೆ ಬಿದ್ದವರ ಹೆಸರುಗಳು. ಯಾರು ಹೇಳಿದರೂ ಬರೆದುಕೊಳ್ಳುತ್ತಾನೆ, ಒಂದನ್ನೂ ಬಿಡದೆ ದೇವರಿಗೆ ಒಪ್ಪಿಸುತ್ತಾನೆ. ಅವನ ಭಕ್ತಿಗೆ ನಮ್ಮ ತಕರಾರಿರಲಿಲ್ಲ. ಆದರೆ ಆ ಕೈಯ ಕೆಳಗಿನ ಡಬ್ಬಿಯಲ್ಲಿ ಅವನ ತಾಯಿ ಶಾಂತಮ್ಮ ಕುಟ್ಟಿದ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಇರುತ್ತಿತ್ತು, ಮತ್ತು ಅದಿಲ್ಲದೆ ನಮ್ಮ ಯಾರ ರೊಟ್ಟಿಯೂ ಗಂಟಲಿಗೆ ಇಳಿಯದ ಸ್ಥಿತಿಗೆ ನಾವು ಬಂದು ಮುಟ್ಟಿದ್ದೆವು.

ಇಲ್ಲಿ ನನ್ನ ಧರ್ಮಶ್ರದ್ಧೆಯ ಬಗ್ಗೆಯೂ ನಾಲ್ಕು ಮಾತು ಹೇಳಿಕೊಳ್ಳಬೇಕು. ನಾನು ಅಫಜಲಪುರದ ಶರಣಪರಂಪರೆಯ ಮನೆತನದವನು. ಬೆಳಗಿನ ಲಿಂಗಪೂಜೆಯನ್ನು ಬಸ್ಸಿನ ವೇಳೆಗೆ ಹೊಂದಿಸಿ ಮೂರು ನಿಮಿಷದಲ್ಲಿ ಮುಗಿಸುತ್ತೇನೆ. ಅದರಲ್ಲಿ ಎರಡು ನಿಮಿಷ ಮೊಬೈಲಿಗೆ ಮೀಸಲು. ನಮ್ಮ ಹಿರಿಯ ಗುಮಾಸ್ತರಾದ ಗುರುಲಿಂಗಪ್ಪನವರು ರಾಹುಕಾಲದಲ್ಲಿ ಪೆನ್ನು ಮುಟ್ಟುವುದಿಲ್ಲ, ಮೇಜಿನ ಖಾನೆಯಲ್ಲಿ ಸದಾ ಒಂದು ನಿಂಬೆಹಣ್ಣು ಇಟ್ಟಿರುತ್ತಾರೆ. ಇಂಥ ಇಬ್ಬರು ಮಹಾ ವಿಚಾರವಾದಿಗಳು ಸೇರಿ ಪ್ರಭುದಾಸನ ನಂಬಿಕೆಯನ್ನು ಪರೀಕ್ಷಿಸಲು ಹೊರಟೆವು.

"ಖಜೂರ್ಯಾಗ ನಮ್ಮ ಗುರುತಿನಾಂವ ಸಿದ್ರಾಮಪ್ಪ ಅಂತ ಅದಾನ್ರಿ," ಎಂದೆ ನಾನು, ಮುಖವನ್ನು ಆದಷ್ಟು ಬಾಡಿಸಿಕೊಂಡು. "ಸೊಂಟ ಹಿಡದು ಆರು ತಿಂಗಳಾತು, ಎದ್ದು ಕೂಡಾಕ ಬರವಲ್ದು. ನಿಮ್ಮ ಚೀಟ್ಯಾಗ ಅವನ ಹೆಸರೂ ಹಾಕ್ಕೋರಿ."

ಅಂಥ ಸಿದ್ರಾಮಪ್ಪ ಯಾರೂ ಇರಲಿಲ್ಲ. ಖಜೂರಿ ಮಹಾರಾಷ್ಟ್ರದ ಗಡಿಗೆ ಹತ್ತಿದ ಊರು, ಹೋಗಿ ನೋಡುವವರು ಯಾರು ಎಂಬ ಧೈರ್ಯ ನಮ್ಮದು. ಇಲ್ಲದವರ ಹೆಸರಿನಲ್ಲಿ ಅರ್ಜಿ ಬರುವುದು ನಮ್ಮ ಕಚೇರಿಗೆ ಹೊಸತಲ್ಲ; ಇಲ್ಲದವನ ಹೆಸರಿನಲ್ಲಿ ಇಲ್ಲಿಂದ ದೇವರಿಗೆ ಅರ್ಜಿ ಹೋದದ್ದು ಮಾತ್ರ ಅದೇ ಮೊದಲು.

ಮರುದಿನ ಪ್ರಾರ್ಥನೆಯಲ್ಲಿ ಸಿದ್ರಾಮಪ್ಪನ ಹೆಸರು ಬಂದಾಗ ನಾವಿಬ್ಬರೂ ಮೊಣಕೈಯಿಂದ ತಿವಿದುಕೊಂಡು ನಗು ನುಂಗಿದೆವು. ಆದರೆ ಪ್ರಭುದಾಸ ನಮ್ಮ ಹಾಗೆ ಅರ್ಜಿ ಪಡೆದು ಮರೆಯುವವನಲ್ಲ. ದಿನಾ ಬೆಳಿಗ್ಗೆ ಬಂದು "ಸಿದ್ರಾಮಪ್ಪ ಹೆಂಗದಾನ್ರಿ?" ಎಂದು ಕೇಳತೊಡಗಿದ. ನಾನು ನಿನ್ನೆ ಗಂಜಿ ಕುಡಿದನೆಂದೆ, ಇವತ್ತು ಮಗ್ಗುಲು ಬದಲಿಸಿದನೆಂದೆ. ಅವನಿಗೊಬ್ಬ ಹೆಂಡತಿಯನ್ನೂ ಎರಡು ಎತ್ತುಗಳನ್ನೂ ಕೊಡಬೇಕಾಯಿತು. ರವಿವಾರ ಚರ್ಚಿನಲ್ಲಿ ಸಭೆಯೆಲ್ಲ ಅವನಿಗಾಗಿ ಪ್ರಾರ್ಥಿಸಿತೆಂಬ ಸುದ್ದಿ ಬಂತು. ಅದಕ್ಕೂ ನಕ್ಕೆವು. ಆಮೇಲೆ ಒಂದು ದಿನ ಪ್ರಭುದಾಸ ಹಿಂಡಿಯನ್ನು ನನ್ನ ರೊಟ್ಟಿಗೆ ಹಾಕುತ್ತ ಹೇಳಿದ: "ಐದು ಶುಕ್ರವಾರ ಆತು ನೋಡ್ರಿ, ನಮ್ಮವ್ವ ಅವನ ಸಲುವಾಗಿ ಉಪಾಸ ಹಿಡದಾಳ. ಮೈಯಾಗ ಶಕ್ತಿ ಇಲ್ಲ, ಬ್ಯಾಡವಾ ಅಂದ್ರ ಕೇಳವಲ್ಲಳು."

ಎತ್ತಿದ ತುತ್ತನ್ನು ಡಬ್ಬಿಗೇ ಇಳಿಸಿದೆ. ಅವಳು ಹೊಟ್ಟೆ ಕಟ್ಟಿಕೊಂಡು ಕುಟ್ಟಿದ ಹಿಂಡಿಯನ್ನು ನಾನು ನೆಕ್ಕುತ್ತಿದ್ದೆ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೇಗಾದರೂ ಆ ಮುದುಕಿಯ ಉಪವಾಸ ನಿಲ್ಲಿಸಬೇಕೆಂದು ಮರುದಿನವೇ ಸಿದ್ರಾಮಪ್ಪನನ್ನು ಎಬ್ಬಿಸಿ ನಡೆಸಿಬಿಟ್ಟೆ. ಪವಾಡ ಮಾಡುವುದು ಇಷ್ಟು ಸುಲಭವೆಂದು ಮೊದಲೇ ಗೊತ್ತಿದ್ದರೆ ಗುಮಾಸ್ತಿಕೆಗೆ ಬರುತ್ತಿರಲಿಲ್ಲ.

"ಹೌದ್ರಿ? ನಡ್ಯಾಕತ್ತಾನ?" ಪ್ರಭುದಾಸನ ಕಣ್ಣಲ್ಲಿ ನೀರು. "ಹಂಗಾರ ಬರೋ ರವಿವಾರ ಚರ್ಚಿಗಿ ಕರ್ಕೊಂಡು ಬರ್ರಿ. ಸಾಕ್ಷಿ ಹೇಳ್ಲಿ."

ಅವರಲ್ಲಿ ಅದೊಂದು ಪದ್ಧತಿ. ಪ್ರಾರ್ಥನೆಯಿಂದ ಒಳಿತಾದವನು ಸಭೆಯ ಮುಂದೆ ನಿಂತು ಅದನ್ನು ತಾನೇ ಹೇಳಬೇಕು. ನಮ್ಮ ಸಾಕ್ಷಿದಾರ ಹುಟ್ಟಿಯೇ ಇರಲಿಲ್ಲವಲ್ಲ! "ಸಾಯಿಸಿಬಿಡ್ರಿ, ಒಮ್ಮಿಗೇ ಮುಗೀತದ," ಎಂದು ಗುರುಲಿಂಗಪ್ಪನವರು ಸಲಹೆ ಕೊಟ್ಟರು. ಸಾಯಿಸಿದರೆ ಶಾಂತಮ್ಮ ಆ ಹೆಂಡತಿಯನ್ನು ಸಂತೈಸಲು ಖಜೂರಿಯ ಬಸ್ಸು ಹತ್ತಿಯೇ ಬಿಡುತ್ತಾಳೆ ಎಂದು ನಾನು ಹೇಳಿದಾಗ, ಅವರು ಶನಿವಾರಕ್ಕೆ ರಜೆ ಹಾಕಿ ಮಾಯವಾದರು.

ಶನಿವಾರ ಕಡತಗಳ ಕೋಣೆಯಲ್ಲಿ ಪ್ರಭುದಾಸನಿಗೆ ಎಲ್ಲ ಹೇಳಿದೆ. ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನು ತೋರಿಸುವ ಧರ್ಮದವನು, ನಕ್ಕು ಕ್ಷಮಿಸಿಯಾನೆಂದು ಎಣಿಸಿದ್ದೆ. ಪರಧರ್ಮದವರ ಕ್ಷಮಾಗುಣದ ಮೇಲೆ ನಮ್ಮಂಥವರಿಗೆ ಅಪಾರ ವಿಶ್ವಾಸ. ಅವನು ನಗಲಿಲ್ಲ. "ನನಗ ಮಾಡಿದ್ದು ಇರ್ಲಿ ಬಿಡ್ರಿ. ನಮ್ಮವ್ವಗ ನೀವ ಹೋಗಿ ಹೇಳ್ರಿ," ಎಂದು ಕಡತ ಎತ್ತಿಕೊಂಡು ಹೊರಟುಹೋದ. ಒಳ್ಳೆಯ ಗೆಳೆಯನೊಬ್ಬನನ್ನು ಕಳೆದುಕೊಂಡೆನೆಂದುಕೊಳ್ಳುತ್ತ ಸಂಜೆ ಅವನ ಮನೆಯ ದಾರಿ ಹಿಡಿದೆ.

ಶಾಂತಮ್ಮ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ನಾನು ತೊದಲುತ್ತ ಹೇಳಿ ಮುಗಿಸಿದಾಗ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

"ಅಂದ್ರ ಖಜೂರ್ಯಾಗ ಸೊಂಟನೋವಿನ ಸಿದ್ರಾಮಪ್ಪ ಇಲ್ಲ?"

"ಇಲ್ರಿ ಅವ್ವಾ."

"ಅಷ್ಟು ದೊಡ್ಡ ಊರಾಗ ಸೊಂಟ ನೋಯೋರು ಯಾರೂ ಇಲ್ಲ?"

ನಾನು ಕಟ್ಟೆಯ ಮೇಲಿನ ಶೇಂಗಾ ಸಿಪ್ಪೆಗಳನ್ನು ಗುಡ್ಡೆ ಮಾಡತೊಡಗಿದೆ. "ಸಿಟ್ಟು ಬಂದದ ನೋಡಪಾ, ಸುಳ್ಳ್ಯಾಕ ಹೇಳ್ಲಿ," ಎಂದಳು. "ಆದ್ರ ಉಪಾಸ ದಂಡ ಆಗಾಂಗಿಲ್ಲ. ಯಾರಿಗರೆ ಮುಟ್ಟಿರ್ತದ." ಪಕ್ಕದಲ್ಲಿದ್ದ ಬೈಬಲ್ಲಿನ ನಡುವಿನಿಂದ, ತಾಯಿ ಮಗ ಇಬ್ಬರೂ ನೋಡಿ ಪ್ರಾರ್ಥಿಸುವ ಮನೆಯ ಚೀಟಿ ತೆಗೆದು, ಸಿದ್ರಾಮಪ್ಪನ ಹೆಸರನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಅದರ ಕೆಳಗೆ ನನ್ನ ಹೆಸರು ಬರೆದಳು. ಬರೆದು, ಪೆನ್ಸಿಲು ಎತ್ತಿ ಹಿಡಿದು ಕೇಳಿದಳು: "ನಿನಗ ಏನ್ ಬ್ಯಾನಿ ಅಂತ ಬರೀಲಿ?"

ಹತ್ತಾರು ವರ್ಷ ಎಂಥೆಂಥ ಪ್ರಶ್ನೆಗೂ ಹಾರಿಕೆಯ ಉತ್ತರ ಬರೆದು ಕಳಿಸಿದ ನನಗೆ ಒಂದೂ ಹೊಳೆಯಲಿಲ್ಲ. ಗುರುತಿಲ್ಲದವನ ನೋವಿಗೆ ಅವಳು ಐದು ಶುಕ್ರವಾರ ಉಂಡಿರಲಿಲ್ಲ. ನಾನು ಒಂದು ಕಪ್ ಚಹಾ ಬಿಟ್ಟವನಲ್ಲ. ಅದಕ್ಕೆ ವೈದ್ಯಶಾಸ್ತ್ರದಲ್ಲಿ ಏನೆನ್ನುತ್ತಾರೋ ನನಗೆ ತಿಳಿಯದು. ಅವಳು ಆ ಜಾಗ ಖಾಲಿ ಬಿಟ್ಟಳು.

ಎಂಟು ದಿನ ಪ್ರಭುದಾಸ ತನ್ನ ಮೇಜಿನಲ್ಲೇ ಉಂಡ. ಒಂಬತ್ತನೆಯ ದಿನ ಡಬ್ಬಿ ಹಿಡಿದು ಬಂದು ನನ್ನ ಪಕ್ಕ ಕುಳಿತು, ಮುಚ್ಚಳದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ಹೆಸರುಗಳು ಒಂದೊಂದಾಗಿ ಹೊರಟವು. ರೊಟ್ಟಿ ಮುರಿದುಕೊಂಡು ಕಾದಿದ್ದ ಗುರುಲಿಂಗಪ್ಪನವರು "ಇನ್ನ ಎಷ್ಟೊತ್ತಪಾ?" ಎಂದು ಡಬ್ಬಿಯತ್ತ ಕೈ ಚಾಚಿದರು.

ನಾನು ಅವರ ಕೈ ಹಿಡಿದೆ. "ತಡೀರಿ," ಎಂದೆ ಮೆಲ್ಲಗೆ, "ನನ್ನ ಹೆಸರು ಇನ್ನೂ ಬಂದಿಲ್ಲ."